ಮುರಿದ ವೇದಿಕೆಯ ವಸೂಲಿ

ಮೊದಲ ಫೋನು ಬಂದಾಗ ನಾನು ರವಿಕೆಯೊಂದಕ್ಕೆ ತೋಳು ಹಚ್ಚುತ್ತಿದ್ದೆ. ಹೊಲಿಗೆ ಯಂತ್ರದ ಸದ್ದಿನಲ್ಲಿ ಗಂಟೆ ಕೇಳಿಸಿರಲಿಲ್ಲ. ಮತ್ತೆ ಬಡಿದುಕೊಂಡಾಗ ಎತ್ತಿದೆ.

"ಮೇಡಂ, ನಿಮ್ಮ ಹೆಸರ್ನ್ಯಾಗ ಒಂದು ಬಾಕಿ ಐತ್ರಿ. ಯಾವಾಗ ಕಟ್ಟತೀರಿ?" ಗಂಡಸಿನ ಸ್ವರ. ಮಾತು ಹಾವೇರಿ ಕಡೆಯದು.

"ಎಂತ ಬಾಕಿ? ನಾನು ಯಾರ ಹತ್ರನೂ ಸಾಲ ತಗೊಂಡಿದ್ದಿಲ್ಲ" ಅಂದೆ.

"ಸಭಾಭವನದ ಸ್ಟೇಜ್ ಮುರದೀರಲ್ರಿ. ಓನರ್ ನಮಗ ವಸೂಲಿಗೆ ಕೊಟ್ಟಾರ."

ಯಂತ್ರದ ಗಾಲಿಯ ಮೇಲಿದ್ದ ಕೈ ಹಾಗೆಯೇ ನಿಂತಿತು. ಆ ಭವನದ ಮಾಲೀಕರಿಗೂ ನಮಗೂ ಮಾತು ಬೆಳೆದದ್ದು ನಿಜ. ಆದರೆ ಜಗಳವೊಂದು ಸಾಲವಾಗಿ ಮಾರ್ಪಟ್ಟು, ಅದನ್ನು ಕೇಳಲು ಮೂರನೆಯವರೊಬ್ಬರು ಬರಬಹುದು ಎಂದು ನನಗೆ ಹೊಳೆದಿರಲಿಲ್ಲ.

ವಿಷಯ ಹೀಗಿತ್ತು. ಶಿರಸಿಯ ಅಂಚಿನ ಇಸಳೂರಿನಲ್ಲಿ ನಮ್ಮದು ಹೊಸ ಮನೆಗಳ ಸಾಲು. ಬೆಳಿಗ್ಗೆ ಗಂಡಸರೆಲ್ಲ ಬೈಕು, ಬಸ್ಸು ಹಿಡಿದು ಪೇಟೆಗೆ ಹೋದ ಮೇಲೆ ಓಣಿ ಖಾಲಿ. ಹಾಗೆ ಉಳಿದ ನಾವು ಕೆಲವು ಹೆಂಗಸರು ಸೇರಿ ತಾಳಮದ್ದಳೆಯ ಒಂದು ತಂಡ ಕಟ್ಟಿಕೊಂಡಿದ್ದೆವು. ವೇಷವಿಲ್ಲ, ಕುಣಿತವಿಲ್ಲ, ಕುರ್ಚಿಯಲ್ಲಿ ಕೂತು ಪದಕ್ಕೆ ಅರ್ಥ ಹೇಳುವುದು. ಖರ್ಚು ಕಡಿಮೆ, ಮಾತು ಮಾತ್ರ ಬೇಕು. ಆ ಮಾತೇ ನನ್ನಲ್ಲಿ ಇರಲಿಲ್ಲ. ಮನೆಯಲ್ಲಿ ಕಂಠಪಾಠ ಮಾಡಿ ಹೋದದ್ದು ನಾಲ್ಕು ಜನರನ್ನು ಕಂಡ ಕೂಡಲೇ ಮರೆತುಹೋಗುತ್ತಿತ್ತು. ಅದಕ್ಕೇ ದೂತ, ಮಂತ್ರಿ, ಹೆಚ್ಚೆಂದರೆ ಒಬ್ಬ ಋಷಿ, ಇಷ್ಟೇ ನನ್ನ ಪಾಲಿಗೆ ಬರುತ್ತಿದ್ದದ್ದು.

ತಂಡ ಕಟ್ಟಿದ್ದು ಅಕ್ಕೋರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುವುದು ರೂಢಿ. ಮಂಚಿಕೇರಿಯಲ್ಲಿ, ಆಮೇಲೆ ಸಿದ್ದಾಪುರ ತಾಲೂಕಿನಲ್ಲಿ ಕಲಿಸಿ ನಿವೃತ್ತರಾಗಿ ನಮ್ಮ ಓಣಿಗೆ ಬಂದವರು. ನಿವೃತ್ತಿಯಾದರೂ ಹೆಸರು ಹೋಗಲಿಲ್ಲ. ಪದ ಹೇಳುತ್ತಿದ್ದವಳು ಯಲ್ಲಾಪುರದಿಂದ ನಮ್ಮ ಪಕ್ಕದ ಮನೆಗೆ ಸೊಸೆಯಾಗಿ ಬಂದ ಹುಡುಗಿ. ಅಪ್ಪನಿಂದ ಭಾಗವತಿಕೆ ಕಲಿತವಳು. ಅವಳು ಸ್ವರ ಎತ್ತಿದರೆ ಓಣಿಯಲ್ಲಿ ಹೋಗುವವರು ಬೈಕು ನಿಧಾನ ಮಾಡುತ್ತಿದ್ದರು.

ತಂಡಕ್ಕೆ ವರ್ಷ ತುಂಬಿದಾಗ ಒಂದು ಕಾರ್ಯಕ್ರಮ ಮಾಡಬೇಕೆಂದಾಯಿತು. ಸಿದ್ದಾಪುರದಿಂದ ಬಿಳಗಿಗೆ ಹೋಗುವ ದಾರಿಯ ಒಂದು ಸಭಾಭವನ ಕಡಿಮೆ ಬಾಡಿಗೆಗೆ ಸಿಕ್ಕಿತು. ಆ ಸುತ್ತ ಅಕ್ಕೋರ ಹಳೆಯ ವಿದ್ಯಾರ್ಥಿಗಳು ತುಂಬಾ ಇದ್ದರು. ಬಾಡಿಗೆಯ ಜೊತೆ, ಆಮೇಲೆ ವಾಪಸು ಸಿಗುವ ಮುಂಗಡವನ್ನೂ ಕೊಟ್ಟು ಬಂದವಳು ನಾನು. ಹೆಸರೂ ಫೋನ್ ನಂಬರೂ ನನ್ನದೇ ಕೊಟ್ಟಿದ್ದೆ.

ಕಾರ್ಯಕ್ರಮ ಚೆನ್ನಾಗಿಯೇ ಆಯಿತು. ಮುಗಿದ ಮೇಲೆ ಅಕ್ಕೋರು ಮೈಕಿನಲ್ಲಿ, "ಕೆಳಗೆ ಕೂತ ಹೆಂಗಸರೆಲ್ಲ ಮೇಲೆ ಬನ್ನಿ, ಒಂದು ಫೋಟೋ ತೆಗೆಯೋಣ" ಎಂದು ಕರೆದರು. ನಗುತ್ತಾ, ಸೆರಗು ಸರಿಮಾಡಿಕೊಳ್ಳುತ್ತಾ ಒಬ್ಬೊಬ್ಬರಾಗಿ ಹತ್ತಿದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಫೋಟೋ ತೆಗೆಯುವವನು ಇನ್ನೂ ಸ್ವಲ್ಪ ಹತ್ತಿರ ಬನ್ನಿ ಅನ್ನುತ್ತಿದ್ದ ಹಾಗೇ ಕಾಲಡಿಯಲ್ಲಿ ಏನೋ ಕಡಿದ ಸದ್ದಾಯಿತು. ನೋಡಿದರೆ ನನ್ನ ಎಡಗಾಲು ಮೊಣಕಾಲಿನವರೆಗೆ ಹಲಗೆಯ ಒಳಗೆ. ಪಕ್ಕದ ಸ್ಪೀಕರ್ ಡಬ್ಬಿ ವಾಲಿ ಕೆಳಗೆ ಬಿದ್ದು ಮುಖ ಒಡೆದುಕೊಂಡಿತು. ಉಳಿದವರೆಲ್ಲ ಹೇಗೋ ಇಳಿದರು. ನನ್ನನ್ನು ಇಬ್ಬರು ತೋಳು ಹಿಡಿದು ಎಳೆದರು. ಹಿಮ್ಮಡಿಯ ಮೇಲೆ ಬಾತುಕೊಂಡ ಕಾಲಿಗೆ ಎಣ್ಣೆ ಹಚ್ಚಿಕೊಂಡು ನಾನು ಬಹಳ ದಿನ ಯಂತ್ರ ತುಳಿಯಲಾಗದೆ ಕೂತೆ.

ಮಾಲೀಕರು ಅಂದು ಊರಲ್ಲಿರಲಿಲ್ಲ. ಆಮೇಲೆ ಫೋನಿನಲ್ಲಿ ಸಿಕ್ಕವರು ಸಿಟ್ಟಿನಿಂದ ಬುಸುಗುಡುತ್ತಿದ್ದರು. ಗಟ್ಟಿ ವೇದಿಕೆ, ಸಂತೆಯ ಹಾಗೆ ಜನ ಹತ್ತಿಸಿ ಮುರಿದಿದ್ದೀರಿ, ಆ ಮೂಲೆ ಪೂರ್ತಿ ಹೊಸದಾಗಿ ಆಗಬೇಕು, ಸ್ಪೀಕರ್ ಬೇರೆ. ಅವರು ಹೇಳಿದ ಮೊತ್ತ ನಾನು ವರ್ಷವಿಡೀ ರವಿಕೆ ಹೊಲಿದರೂ ಕೈಗೆ ಉಳಿಯದಷ್ಟು. ಮದುವೆಗಳಾಗುವ ವೇದಿಕೆ ಒಂದು ಫೋಟೋಕ್ಕೆ ಮುರಿಯಬಾರದು, ಹಲಗೆಯೇ ಲಡ್ಡಾಗಿ ಟೊಳ್ಳು ಬಿದ್ದಿರಬೇಕು ಎಂದೆವು ನಾವು. ಅವರು ಮುಂಗಡ ಹಿಡಿದುಕೊಂಡರು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆವು.

ಮುಗಿದಿರಲಿಲ್ಲ. ವಸೂಲಿಯವನ ಫೋನು ದಿನವೂ ಬರತೊಡಗಿತು. ಮೊದಲು ಮೇಡಂ, ಮೇಡಂ ಎನ್ನುತ್ತಿದ್ದವನು ಆಮೇಲೆ "ಕೇಸ್ ಆಕ್ಕೈತಿ ನೋಡ್ರಿ, ಮಂದಿ ಮುಂದ ಮರ್ಯಾದಿ ಹೊಕ್ಕೈತಿ" ಎನ್ನತೊಡಗಿದ. ನಾನು ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಅವನ ಮಾತು ಮುಗಿದು ಫೋನು ಇಟ್ಟಾಗಿರುತ್ತಿತ್ತು. ಇಟ್ಟ ಮೇಲೆ ನನಗೆ ಒಳ್ಳೊಳ್ಳೆಯ ಉತ್ತರಗಳು ಹೊಳೆಯುತ್ತಿದ್ದವು. ಒಲೆಯ ಮುಂದೆ ನಿಂತು ಒಬ್ಬಳೇ ಹೇಳಿಕೊಳ್ಳುತ್ತಿದ್ದೆ.

ಒಂದು ಸಂಜೆ ನಮ್ಮನೆಯವರು ಚಹಾ ಕುಡಿಯದೆ ಹಾಗೆಯೇ ಕೂತರು. ಅವರದು ಪೇಟೆಯ ಒಂದು ಸೊಸೈಟಿಯಲ್ಲಿ ಗುಮಾಸ್ತಿಕೆ.

"ಇವತ್ತು ಆಫೀಸಿಗೆ ಫೋನ್ ಬಂದಿತ್ತು" ಎಂದರು. "ಮ್ಯಾನೇಜರ್ರೇ ಎತ್ತಿದ್ದ. ನಿಮ್ಮ ಗುಮಾಸ್ತರ ಮನೆ ಮೇಲೆ ಸಾಲ ಇದ್ದು, ಗೊತ್ತಿದ್ದಾ ಹೇಳಿ ಕೇಳಿದ್ನಡ. ಎಲ್ಲರೂ ಯನ್ನೇ ನೋಡ್ತಾ ಇದ್ದಿದ್ದ."

"ನಿಂಗ ಎಂತ ಹೇಳಿದ್ರಿ?"

"ಎಂತ ಹೇಳದು? ಕೊಟ್ಟು ಮುಗಿಸ್ಬಿಡನ. ಯಂಗೆ ಇದೆಲ್ಲ ಆಗ್ತಿಲ್ಲೆ."

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಯಾರಿಗೂ ಒಂದು ರೂಪಾಯಿ ಬಾಕಿ ಇಡದ ಮನುಷ್ಯ. ಆದರೆ ಕೊಟ್ಟರೆ ತಪ್ಪು ಒಪ್ಪಿಕೊಂಡಂತೆ. ಇನ್ನು ಮುಂದೆ ನಾವು ಎಲ್ಲಿ ಹೋದರೂ ವೇದಿಕೆ ಮುರಿದ ಹೆಂಗಸರು ಎಂದೇ ಹೆಸರು. ಅದನ್ನು ಅವರಿಗೆ ಹೇಳಲೂ ನನಗೆ ಸರಿಯಾಗಿ ಬರಲಿಲ್ಲ. "ನೋಡನ" ಎಂದಷ್ಟೇ ಅಂದೆ.

ಮರುದಿನ ಪಕ್ಕದ ಮನೆಯ ಹುಡುಗಿ ಗೇಟಿನ ಹೊರಗೇ ನಿಂತು ಕರೆದಳು. ಯಾವಾಗಲೂ ಸೀದಾ ಅಡುಗೆಮನೆಗೆ ಬರುವವಳು.

"ಅಕ್ಕಾ, ಆನು ಇನ್ನು ಬಪ್ಪಲೆ ಆಗ್ತಿಲ್ಲೆ."

"ಎಂತಕ್ಕೆ?"

"ಅಂವ ನಂಬರ್ ಎಲ್ಲಿಂದ ಹಿಡದ್ನೋ, ನಮ್ಮನೆಗೂ ಫೋನ್ ಮಾಡಿದ್ದ. ಅತ್ತೆ ಎತ್ತಿದ್ದು. ಪದ ಹೇಳದು ಸಾಕು, ಮನೆಗೆ ಸಾಲ ವಸೂಲಿಯವ್ರು ಬಪ್ಪ ಹಾಂಗೆ ಮಾಡಡ ಹೇಳಿ ಹೇಳಿದ್ದು." ಅವಳ ಕಣ್ಣು ತುಂಬಿತ್ತು. ಅತ್ತೆ ಕೆಟ್ಟವರಲ್ಲ, ಹೆದರಿದ್ದಾರೆ ಎಂದೂ ಅವಳೇ ಸೇರಿಸಿದಳು.

ಭಾಗವತಿಕೆ ಇಲ್ಲದೆ ತಾಳಮದ್ದಳೆ ಇಲ್ಲ. ಆ ವಾರದ ಅಭ್ಯಾಸ ನಿಂತಿತು. ಅದರ ಮುಂದಿನ ವಾರದ್ದೂ ನಿಂತಿತು. ಉಳಿದವರು ದಾರಿಯಲ್ಲಿ ಸಿಕ್ಕರೆ ತರಕಾರಿ ರೇಟು ಮಾತಾಡಿ ಹೋಗುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಅಕ್ಕೋರು ಬಂದರು. ಕೈಯಲ್ಲಿ ಬ್ಯಾಂಕಿಗೆ ಹೋಗುವಾಗ ಹಿಡಿಯುವ ಚೀಲ.

"ಅಂವಂಗೆ ಎಷ್ಟು ಬೇಕಡ ಹೇಳು. ಪೆನ್ಶನ್ ದುಡ್ಡಲ್ಲಿ ಆನು ಕೊಟ್ಬಿಡ್ತೆ. ಯಾರಿಗೂ ಗೊತ್ತಪ್ಪದು ಬೇಡ."

"ನಿಂಗ ಎಂತಕ್ಕೆ ಕೊಡದು?"

"ಎಲ್ಲರನ್ನೂ ಮೇಲೆ ಕರದ್ದು ಆನಲ್ದಾ? ನಿನ್ನ ಕಾಲು ಹೋದ್ದೂ ಯನ್ನಿಂದ್ಲೇ."

ನಮ್ಮೆಲ್ಲರ ಉಚ್ಚಾರ ತಿದ್ದುವ, ವಾದಕ್ಕೆ ಕೂತರೆ ಎದುರಿನವರನ್ನು ಏಳಗೊಡದ ಅಕ್ಕೋರು ಅಂದು ಬಹಳ ಸಣ್ಣಗೆ ಕಂಡರು. ಇಷ್ಟು ದಿನ ಇದನ್ನು ಎದೆಯಲ್ಲಿಟ್ಟುಕೊಂಡು ತಿರುಗುತ್ತಿದ್ದರು ಎಂದು ತಿಳಿದು ನನ್ನಲ್ಲಿ ಒಂದು ಹಠ ಹುಟ್ಟಿತು. ಆ ಹಠ ನನ್ನ ಸಲುವಾಗಿ ಹುಟ್ಟಿರಲಿಲ್ಲ.

"ಅಕ್ಕೋರೆ, ಚೀಲ ಕೆಳಗಿಡಿ. ಒಂದು ಪೈಸೆನೂ ಕೊಡದು ಬೇಡ. ಮುರಿದದ್ದು ಯಾರು ಹೇಳಿ ಮೊದಲು ಗೊತ್ತಾಗ್ಲಿ" ಎಂದೆ. ಅಷ್ಟು ಗಟ್ಟಿಯಾಗಿ ನಾನು ಅವರೊಡನೆ ಹಿಂದೆಂದೂ ಮಾತಾಡಿರಲಿಲ್ಲ.

ಶಿರಸಿಯ ಕೋರ್ಟಿನಲ್ಲಿ ಬಡವರಿಗೆ, ಹೆಂಗಸರಿಗೆ ದುಡ್ಡಿಲ್ಲದೆ ಕಾನೂನು ಸಲಹೆ ಕೊಡುತ್ತಾರೆ ಎಂದು ನನ್ನಲ್ಲಿ ರವಿಕೆ ಹೊಲಿಸುವ ಒಬ್ಬರು ಹೇಳಿದ್ದರು. ಮರುದಿನ ಬಸ್ಸು ಹಿಡಿದು ಹೋದೆ. ಚಿಕ್ಕ ಪ್ರಾಯದ ವಕೀಲೆಯೊಬ್ಬರು ಸಿಕ್ಕರು. ನಾನು ತಡವರಿಸುತ್ತಾ ಹೇಳಿದ್ದನ್ನು ಅವಸರ ಮಾಡದೆ ಕೇಳಿದರು.

"ಇದು ಸಾಲ ಅಲ್ಲ ಅಮ್ಮಾ" ಎಂದರು. "ನಷ್ಟ ಆಗಿದೆ, ನೀವು ತುಂಬಿಕೊಡಿ ಅಂತ ಅವರು ಕೇಳ್ತಿದ್ದಾರೆ. ಕೇಳಬಹುದು. ಆದ್ರೆ ನಿಮ್ಮಿಂದಲೇ ಆಗಿದೆ ಅಂತ ನೀವು ಒಪ್ಪಬೇಕು, ಇಲ್ಲಾ ಕೋರ್ಟು ಹೇಳಬೇಕು. ಅಲ್ಲಿವರೆಗೆ ಅದು ಬಾಕಿ ಅಲ್ಲ. ಅದನ್ನ ವಸೂಲಿ ಮಾಡ್ತೀನಿ ಅಂತ ನಿಮ್ಮ ಮನೆಯವರ ಆಫೀಸಿಗೆ, ಪಕ್ಕದ ಮನೆಗೆಲ್ಲ ಫೋನ್ ಮಾಡೋ ಹಾಗಿಲ್ಲ. ನಿಲ್ಲಿಸದಿದ್ರೆ ದೂರು ಕೊಡೋಣ. ಅದಕ್ಕೂ ಮುಂಚೆ ಎಲ್ಲರೂ ಒಟ್ಟಿಗೆ ಹೋಗಿ ಆ ವೇದಿಕೆ ನೋಡಿ. ರಿಪೇರಿ ಮಾಡಿಬಿಟ್ರೆ ಆಮೇಲೆ ನೋಡೋಕೆ ಏನೂ ಇರೋದಿಲ್ಲ. ಏನೇ ತೀರ್ಮಾನ ಆದ್ರೂ ಬರೆಸಿಕೊಳ್ಳಿ."

ಹೊರಗೆ ಬಂದು ಅಲ್ಲೇ ಕಟ್ಟೆಯ ಮೇಲೆ ಕೂತೆ. ಇದು ಬಾಕಿ ಅಲ್ಲ. ಆ ಮಾತನ್ನು ಮನಸ್ಸಿನಲ್ಲಿ ತಿರುಗಿಸಿ ನೋಡಿದೆ. ನಮ್ಮನೆಯವರಿಗೆ ಹೇಳಲು ಬಾರದ್ದು ಇದೇ ಆಗಿತ್ತು. ಅಲ್ಲಿಂದಲೇ ವಸೂಲಿಯವನಿಗೆ ಫೋನು ಮಾಡಿದೆ. ಅವನಿಗೆ ನಾನೇ ಫೋನು ಮಾಡಿದ್ದು ಅದೇ ಮೊದಲು.

"ನಾಳೆ ನಮ್ಮನೆಗೆ ಬನ್ನಿ. ಫೋನಲ್ಲಿ ಬೇಡ, ಎದುರಿಗೆ ಮಾತಾಡೋಣ."

"ರೊಕ್ಕ ರೆಡಿ ಐತೇನ್ರಿ?"

"ಮಾತು ರೆಡಿ ಇದೆ. ಬನ್ನಿ" ಎಂದೆ.

ಬಂದ. ಮೀಸೆಯ, ಭಾರಿ ಮೈಯ ಮನುಷ್ಯನನ್ನು ಕಲ್ಪಿಸಿಕೊಂಡಿದ್ದ ನನಗೆ ಬಂದವನನ್ನು ನೋಡಿ ಬೇರೆ ಯಾರೋ ಇರಬೇಕು ಅನ್ನಿಸಿತು. ತೆಳ್ಳಗಿನ ಆಳು, ಮೂವತ್ತೈದರ ಆಸುಪಾಸು, ಧೂಳು ಕೂತ ಹುಬ್ಬು. ಹೆಲ್ಮೆಟ್ ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತ. ಬಿಸಿಲಲ್ಲಿ ಬಂದವನಿಗೆ ಕುಡಿಯಲು ಆಸರಿಗೆ ಕೊಡದೆ ಮಾತು ಶುರು ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಮಜ್ಜಿಗೆ ಕೊಟ್ಟೆ. ಒಂದೇ ಉಸಿರಿಗೆ ಕುಡಿದ. ಇನ್ನೊಂದು ಲೋಟ ಕೊಟ್ಟೆ. ನಮ್ಮನೆಯವರು ಅಂದು ರಜೆ ಹಾಕಿ ಒಳಬಾಗಿಲ ಬಳಿ ನಿಂತಿದ್ದರು. ನಾನು ಕರೆಸಿದ್ದ ಅಕ್ಕೋರು ಅವನ ಎದುರಿಗೆ ಕೂತರು.

"ಯಾವೂರು ತಮ್ಮಾ ನಿಮ್ಮದು?"

"ಹಾನಗಲ್ ಕಡೆಯವ್ನರಿ. ಫೈನಾನ್ಸಿನ ಗಾಡಿ ಸಾಲದ ವಸೂಲಿ ಮಾಡ್ತೇನ್ರಿ. ನಡುವ ಇಂಥಾವು ಒಂದೊಂದು."

"ನಿಮ್ಮನ್ನ ಒಂದು ಮಾತು ಕೇಳ್ತೇನೆ. ಸಾಲ ಅಂದ್ರೆ ಏನು?"

ಆತ ಅಕ್ಕೋರ ಮುಖ ನೋಡಿದ. "ಇಸ್ಕೊಂಡದ್ದು ಕೊಡೂದ್ರಿ. ಮತ್ತೇನ್ರಿ?"

"ಸರಿ. ಇವಳು ಆ ಮಾಲೀಕರ ಹತ್ರ ಏನು ಇಸ್ಕೊಂಡಿದ್ದಾಳೆ?"

"ಇಸ್ಕೊಂಡಿಲ್ರಿ, ಮುರದಾರ."

"ಮುರಿದದ್ದು ಇವರೇ ಅಂತ ಯಾರು ಹೇಳಿದ್ದು?"

"ಓನರ್ ಹೇಳ್ಯಾರ್ರಿ."

"ಓನರು ಅಲ್ಲಿದ್ರಾ?"

"ಅದು ಗೊತ್ತಿಲ್ರಿ."

"ನೀವು ಹೋಗಿ ನೋಡಿದ್ದೀರಾ?"

"ಫೋಟೋ ಕಳಿಸ್ಯಾರ್ರಿ."

"ನೋಡದೆ ಇದ್ದದ್ದಕ್ಕೆ, ಇಸ್ಕೊಳ್ಳದೆ ಇದ್ದದ್ದನ್ನು ವಸೂಲಿ ಮಾಡ್ಲಿಕ್ಕೆ ಬಂದಿದ್ದೀರಿ ಅಂತಾಯ್ತು" ಎಂದರು ಅಕ್ಕೋರು. ಸ್ವರ ಏರಿಸಲಿಲ್ಲ. ಪಾಠ ಕೇಳಿದ ಹಾಗೆಯೇ ಕೇಳಿದ್ದರು.

ಆಮೇಲಿನ ಮಾತು ನನ್ನದು. ಮರೆತುಹೋಗುತ್ತದೆ ಎಂಬ ಹಳೆಯ ಹೆದರಿಕೆ ಬಂತು. ಆದರೆ ಇದು ಕಂಠಪಾಠ ಮಾಡಿದ್ದಲ್ಲವಲ್ಲ, ಮರೆಯಲು ಏನಿತ್ತು?

"ನನಗೆ ಫೋನ್ ಮಾಡಿ, ನಾನು ಎತ್ತುತ್ತೇನೆ. ನಮ್ಮನೆಯವರ ಆಫೀಸಿಗೆ ಯಾಕೆ ಮಾಡಿದ್ರಿ? ಆ ಹುಡುಗಿಯ ಅತ್ತೆಗೆ ಯಾಕೆ ಮಾಡಿದ್ರಿ? ಅವಳು ಮನೆಯಿಂದ ಹೊರಗೆ ಬಂದು ಬಾಯ್ತುಂಬ ಹಾಡ್ತಿದ್ದದ್ದು ವಾರದಲ್ಲಿ ಒಂದು ದಿನ. ನೀವು ಒಂದು ಫೋನಿನಲ್ಲಿ ಅದನ್ನ ನಿಲ್ಲಿಸಿದ್ದೀರಿ. ನಾನು ಕಾನೂನು ಕೇಳಿಕೊಂಡು ಬಂದಿದ್ದೇನೆ. ಇದು ಸಾಲವೇ ಅಲ್ಲ. ಭಾನುವಾರ ಮಾಲೀಕರನ್ನು ಕರೆಸಿ. ಎಲ್ಲರೂ ಒಟ್ಟಿಗೆ ಹೋಗಿ ವೇದಿಕೆ ನೋಡೋಣ. ನಮ್ಮಿಂದಲೇ ಮುರಿದದ್ದು ಅಂತ ಅಲ್ಲಿ ಕಂಡರೆ ನಾನು ಒಪ್ಪಿಕೊಳ್ತೇನೆ, ಕಂತಿನ ಮೇಲೆ ಕೊಡ್ತೇನೆ. ಅಲ್ಲಿವರೆಗೆ ನನಗೆ ಬಿಟ್ಟು ಯಾರಿಗೂ ಫೋನ್ ಹೋಗಬಾರದು."

ಆತ ಹೆಲ್ಮೆಟ್ಟಿನ ಪಟ್ಟಿಯನ್ನು ತಿರುವುತ್ತಿದ್ದ.

"ನಮ್ಮ ಕೆಲಸನ ಹಂಗೈತ್ರಿ ಮೇಡಂ" ಎಂದ ಕೊನೆಗೆ. "ನಿಮಗ ಮಾಡಿದ್ರ ನೀವು ಕೊಡಂಗಿಲ್ಲ. ಬಾಜೂ ಮನಿಗೆ ಮಾಡಿದ್ರ ರೊಕ್ಕ ಲಗೂ ಬರ್ತಾವು. ಹಂಗಂತ ಕಲಿಸ್ಯಾರ." ಆಮೇಲೆ ಎದ್ದು ನಿಂತು, "ಭಾನುವಾರ ಬರ್ತೇನ್ರಿ" ಎಂದ.

ಅವನು ಹೋದ ಮೇಲೆ ನಮ್ಮನೆಯವರು ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾ, "ಒಪ್ಕ್ಯತ್ತೆ ಹೇಳಿ ಯಂತಕ್ಕೆ ಹೇಳಿದೆ? ಅಲ್ಲಿ ಅವ್ರದೇ ಸರಿ ಹೇಳಿ ಆದ್ರೆ?" ಎಂದು ಕೇಳಿದರು. ಭಾನುವಾರದವರೆಗೂ ನನಗೂ ಅದೇ ಯೋಚನೆ. ಅಷ್ಟು ಹೆಂಗಸರು ಒಟ್ಟಿಗೆ ಹತ್ತಿದ್ದೂ ನಿಜವೇ.

ಭಾನುವಾರ ಅಕ್ಕೋರು, ನಾನು, ನಮ್ಮನೆಯವರು ಬಸ್ಸಿನಲ್ಲಿ ಸಿದ್ದಾಪುರಕ್ಕೆ ಹೋಗಿ ಅಲ್ಲಿಂದ ಆಟೋ ಹಿಡಿದೆವು. ವಸೂಲಿಯವನ ಬೈಕು ಮೊದಲೇ ಭವನದ ಎದುರಿತ್ತು. ಮಾಲೀಕರು ಬಾಗಿಲು ತೆಗೆದು ನಿಂತಿದ್ದರು. ಗದ್ದೆ, ಶುಂಠಿ ಬೆಳೆದು ಕೂಡಿಸಿದ ದುಡ್ಡಿನಲ್ಲಿ ಆ ಭವನ ಕಟ್ಟಿಸಿದವರು. ನಮ್ಮನ್ನು ಕಂಡು ಮುಖ ಬಿಗಿದರೂ ಅಕ್ಕೋರಿಗೆ ಕೈಮುಗಿದರು. ಅವರ ತಮ್ಮನಿಗೆ ಅಕ್ಕೋರು ಕಲಿಸಿದ್ದರಂತೆ.

"ನೀವು ಬಂದಿದೀರಿ ಅಂತ ಮರ್ಯಾದೆ ಕೊಡ್ತೆ ಅಕ್ಕೋರೆ. ಆದ್ರೆ ನ್ಯಾಯ ನ್ಯಾಯವೇ. ನೀವೇ ನೋಡಿ ಹೇಳಿ" ಎಂದರು.

ಇಟ್ಟಿಗೆಯ ಮೋಟು ಕಂಬಗಳ ಮೇಲೆ ಮರದ ಹಲಗೆ ಹಾಸಿ, ಮೇಲೆ ಹಸಿರು ಜಮಖಾನೆ ಹೊಡೆದ ವೇದಿಕೆ ಅದು. ನನ್ನ ಕಾಲು ಹೋದ ಜಾಗಕ್ಕೆ ಜಮಖಾನೆಯ ಮೇಲಿಂದಲೇ ಪ್ಲೈವುಡ್ಡಿನ ಒಂದು ಹಾಳೆ ಮುಚ್ಚಿದ್ದರು. ಮುಂದಿನ ವಾರ ಮದುವೆ ಇದೆ, ಅಷ್ಟರೊಳಗೆ ಆ ಮೂಲೆಯಷ್ಟು ರಿಪೇರಿ ಮಾಡಿಸಬೇಕು ಎಂದರು ಮಾಲೀಕರು. "ನೀವು ಜನ ಹತ್ತಿಸಿದ್ದು ಈ ಮೂಲೆಗೆ. ಹಾಗಾಗಿ ಇದೊಂದೇ ಮುರಿದದ್ದು. ಉಳಿದ ಕಡೆ ಕಲ್ಲಿನ ಹಾಗಿದೆ."

ವಸೂಲಿಯವನು ತನ್ನ ಕೆಲಸ ಮಾಡುವವನಂತೆ ವೇದಿಕೆಯ ಇನ್ನೊಂದು ತುದಿಗೆ ಹತ್ತಿ ನಿಂತ. "ಬರೋಬ್ಬರಿ ಐತಿ ನೋಡ್ರಿ ಮೇಡಂ, ಇಲ್ಲೆ ಏನೂ ಆಗಿಲ್ಲ" ಎಂದು ನಮಗೆ ತೋರಿಸಲು ಹಿಮ್ಮಡಿಯಿಂದ ಗಟ್ಟಿಯಾಗಿ ಒಮ್ಮೆ ತುಳಿದ.

ಅದೇ ಸದ್ದು. "ಯವ್ವಾ" ಎಂದು ಕೂಗಿದವನ ಬಲಗಾಲು ಒಳಗೆ ಹೋಗಿತ್ತು. ಜಮಖಾನೆ ಅವನ ತೊಡೆಯ ಸುತ್ತ ಸೀರೆಯ ನೆರಿಗೆಯ ಹಾಗೆ ಸುತ್ತಿಕೊಂಡಿತ್ತು.

ನಮ್ಮನೆಯವರು ಮೊದಲು ಓಡಿದರು. ಅವರೂ ಮಾಲೀಕರೂ ಸೇರಿ ಅವನ ಕಂಕುಳಿಗೆ ಕೈಹಾಕಿ ಎತ್ತಿದರು. ಕಣಕಾಲಿನ ಮೇಲೆ ಚರ್ಮ ಸುಲಿದು ರಕ್ತ ಬರುತ್ತಿತ್ತು. ನಾನು ಬಾಟಲಿಯ ನೀರು ಹಾಕಿ ತೊಳೆದೆ. ನನಗೆ ನಗು ಬರಲಿಲ್ಲ. ಆ ಸದ್ದು ಕೇಳಿದ ಕೂಡಲೇ ನನ್ನ ಕಾಲೂ ಜುಮ್ಮೆಂದಿತ್ತು.

ಮಾಲೀಕರು ಜಮಖಾನೆಯ ಅಂಚು ಹಿಡಿದು ಎಳೆದರು. ಮೊಳೆಗಳು ಕಿತ್ತುಬಂದವು. ಕೆಳಗಿನ ಹಲಗೆಯ ಮೇಲೆಲ್ಲ ಮಣ್ಣಿನ ಗೆರೆಗಳು, ಈ ತುದಿಯಿಂದ ಆ ತುದಿಯವರೆಗೆ. ಅವರು ಬಗ್ಗಿ ಒಂದು ಚೂರು ಮುರಿದು ಅಂಗೈಯಲ್ಲಿ ಹಿಸುಕಿದರು. ರವೆಯ ಹಾಗೆ ಉದುರಿತು.

"ಒರಲೆ" ಎಂದರು. ಗೆದ್ದಲು ಇಡೀ ವೇದಿಕೆಯನ್ನು ಒಳಗಿಂದೊಳಗೇ ತಿಂದು ಮುಗಿಸಿತ್ತು. "ಮತ್ತಿ ಮರ ಅಂತ ಹೇಳಿ ದುಡ್ಡು ತಗಂಡಿದ್ದ, ಕಂತ್ರಾಟುದಾರ. ಇದು ಎಂತ ಮರನೋ ಏನೋ. ನಾನೂ ಜಮಖಾನೆ ಎತ್ತಿ ನೋಡಿದವನಲ್ಲ ಮಾರಾಯ್ರೆ."

ಅಲ್ಲೇ ವೇದಿಕೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಬರೋ ವಾರ ಇದ್ರ ಮೇಲೆ ಮದುಮಕ್ಕಳು ನಿಲ್ಲೋರಿದ್ರು. ಅಜ್ಜ ಅಜ್ಜಿಯರೆಲ್ಲ ಅಕ್ಷತೆ ಹಾಕೂಕೆ ಹತ್ತೋರು" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ತಂಗಿ, ನಿಮ್ಮ ಕಾಲು ಹೆಂಗಿದೆ ಈಗ?"

ಅಷ್ಟು ದಿನದ ಜಗಳದಲ್ಲಿ ಅವರ ಕಡೆಯಿಂದ ನನ್ನ ಕಾಲಿನ ಸುದ್ದಿ ಬಂದದ್ದು ಅದೇ ಮೊದಲು. "ಈಗ ಅಡ್ಡಿಲ್ಲ" ಎಂದೆ. ಇನ್ನೂ ಏನೇನೋ ಹೇಳಬೇಕೆಂದು ತಂದಿದ್ದೆ. ಯಾವುದೂ ಬೇಕೆನ್ನಿಸಲಿಲ್ಲ. ಅಕ್ಕೋರು ಮಾತ್ರ ಕಣ್ಣೊರೆಸಿಕೊಂಡರು. ಕೇಳಿದ್ದಕ್ಕೆ ಧೂಳು ಎಂದರು.

ವಕೀಲೆ ಹೇಳಿದ್ದು ನೆನಪಿತ್ತು. ವೇದಿಕೆಗಾಗಲಿ ಸ್ಪೀಕರಿಗಾಗಲಿ ಇವರಿಂದ ಏನೂ ಬರಬೇಕಾದ್ದಿಲ್ಲ ಎಂದು ಮಾಲೀಕರಿಂದ ನಾಲ್ಕು ಸಾಲು ಬರೆಸಿಕೊಂಡೆ. ಅವರು ಬೇಸರಿಸಲಿಲ್ಲ. ಮುಂಗಡ ಈಗಲೇ ಕೊಡಲು ಕೈಯಲ್ಲಿಲ್ಲ, ವೇದಿಕೆ ಮಾಡಿಸಬೇಕು, ಆಮೇಲೆ ಕೊಡ್ತೆ ಎಂದರು. ಆಗಲಿ ಎಂದೆವು.

ವಸೂಲಿಯವನಿಗೆ ಬೈಕು ಓಡಿಸಲು ಆಗುತ್ತಿರಲಿಲ್ಲ. ನಮ್ಮನೆಯವರು ಅವನನ್ನು ಹಿಂದೆ ಕೂರಿಸಿಕೊಂಡು ಅವನದೇ ಬೈಕಿನಲ್ಲಿ ಸಿದ್ದಾಪುರದ ದವಾಖಾನೆಗೆ ಕರೆದೊಯ್ದರು. ನಾವು ಆಟೋದಲ್ಲಿ ಹಿಂದೆ ಹೋದೆವು. ಇಂಜೆಕ್ಷನ್ ಚುಚ್ಚಿ ಪಟ್ಟಿ ಕಟ್ಟಿದರು. ಹೊರಗಿನ ಬೆಂಚಿನಲ್ಲಿ ಕಾಲು ಚಾಚಿ ಕೂತವನು, "ಈ ಕೇಸಿನ್ಯಾಗ ನನಗ ಸಿಕ್ಕದ್ದು ಇದೊಂದ ಪಟ್ಟಿ ನೋಡ್ರಿ" ಎಂದು ತಾನೇ ನಕ್ಕ. ಊರಲ್ಲಿ ತಾಯಿ ಇದ್ದಾಳೆ, ಅವಳಿಗೆ ತನ್ನ ಕೆಲಸ ಏನೆಂದು ಸರಿಯಾಗಿ ಹೇಳಿಲ್ಲ, ಬ್ಯಾಂಕಿನ ಕೆಲಸ ಎಂದುಕೊಂಡಿದ್ದಾಳೆ ಎಂದ. ಯಾರೂ ಕೇಳಿರಲಿಲ್ಲ, ಅವನಾಗಿಯೇ ಹೇಳಿದ.

"ನಮಗೆ ಒಂದು ಉಪಕಾರ ಮಾಡಬೇಕು" ಎಂದೆ. "ಆ ಹುಡುಗಿಯ ಮನೆಗೆ ಫೋನ್ ಮಾಡಿ. ಸಾಲ ಇಲ್ಲ ಅಂತ ನೀವೇ ಹೇಳಿ. ನಾವು ಹೇಳಿದ್ರೆ ಅವರ ಅತ್ತೆ ನಂಬುವುದಿಲ್ಲ. ಸಾಲ ಇದೆ ಅಂದ ಸ್ವರವೇ ಇಲ್ಲ ಅನ್ನಬೇಕು."

ಆತ ನೆಲ ನೋಡಿದ. "ಹಂಗ ಯಾವತ್ತೂ ಮಾಡಿಲ್ರಿ ನಾವು."

"ಇವತ್ತು ಮಾಡಿ ತಮ್ಮಾ" ಎಂದರು ಅಕ್ಕೋರು.

ಆತ ಫೋನು ತೆಗೆದ. ನಂಬರು ಇತ್ತು. ಆ ಕಡೆ ಎತ್ತಿದವರು ಅತ್ತೆಯೇ ಇರಬೇಕು, ಏಕೆಂದರೆ ಮೊದಲು ಅವನು ಬೈಸಿಕೊಂಡ. ಬೈಗುಳ ಮುಗಿಯುವವರೆಗೂ ಕಾದ. "ಅಮ್ಮಾರ, ಅದಕ್ಕ ಫೋನ್ ಮಾಡೇನ್ರಿ. ನಿಮ್ಮ ಸೊಸಿ ಮ್ಯಾಲ ಸಾಲ ಏನೂ ಇಲ್ರಿ. ಆ ತಂಡದವ್ರ ಯಾರ ಮ್ಯಾಲನೂ ಇಲ್ಲ. ಹಲಗಿ ಗೆದ್ದಲ ಹಿಡಿದಿತ್ತು, ನಾನ ನೋಡೇನಿ. ನನ್ನ ಕಾಲೂ ಹೋತು. ನಾ ಅವಾಗ ಹೇಳಿದ್ದು ತಪ್ಪಾತ್ರಿ." ಆ ಕಡೆಯ ಮಾತು ಕೇಳಿಸಿಕೊಂಡ. "ಇಲ್ರಿ, ಜಾಸ್ತಿ ಪೆಟ್ಟಾಗಿಲ್ಲ. ಹೂಂನ್ರಿ, ಅರಿಷಿಣ ಹಚ್ಕೊಂತೇನ್ರಿ."

ಫೋನು ಇಟ್ಟು, "ಕಾಲಿಗೆ ಅರಿಷಿಣ ಹಚ್ಚು ಅಂತ ಹೇಳಿದ್ರಿ ಅವರು" ಎಂದ. ಆಶ್ಚರ್ಯ ಅವನ ಮುಖದಲ್ಲಿ ಹಾಗೇ ನಿಂತಿತ್ತು.

ನಮ್ಮನೆಯವರ ಮ್ಯಾನೇಜರಿಗೂ ಅವನು ಮರುದಿನ ಫೋನು ಮಾಡಿದ. ಹಾಗೆ ಮಾಡು ಎಂದು ನಾವು ಕೇಳಿಕೊಂಡಿರಲಿಲ್ಲ.

ಆ ಮದುವೆ ಭವನದ ಅಂಗಳದಲ್ಲಿ ಚಪ್ಪರ ಹಾಕಿ ನಡೆಯಿತಂತೆ. ವೇದಿಕೆ ಒಡೆದು ಈಗ ಸಿಮೆಂಟಿನದು ಮಾಡಿಸಿದ್ದಾರೆ. ಮುಂಗಡದಲ್ಲಿ ಅರ್ಧ ಬಂತು. ಉಳಿದರ್ಧವನ್ನು ಮಾಲೀಕರು ಭೇಟಿಯಾದಾಗಲೆಲ್ಲ ಅವರೇ ನೆನಪಿಸಿಕೊಂಡು ಕೊಡ್ತೆ ಎನ್ನುತ್ತಾರೆ. ವಸೂಲಿಯವನು ಬಹಳ ತಿಂಗಳ ನಂತರ ಶಿರಸಿಯ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದ. ಕೆಲಸ ಅದೇ, ಬಿಟ್ಟಿಲ್ಲ. "ಆದ್ರ ಇಂಥಾ ಕೇಸ್ ಬಂದ್ರ ಮದ್ಲ ಹೋಗಿ ನೋಡಿ ಬರ್ತೇನ್ರಿ ಮೇಡಂ, ಹುಷಾರಲೇ ಕಾಲಿಟ್ಟು" ಎಂದ. ಅವನು ಒಳ್ಳೆಯವನಾಗಿಬಿಟ್ಟ ಎಂದು ನಾನು ಹೇಳಲಾರೆ. ಅಷ್ಟು ಹೇಳಿದ್ದು ಮಾತ್ರ ನನಗೆ ಸಾಕೆನ್ನಿಸಿತು.

ಅಭ್ಯಾಸ ಮತ್ತೆ ಶುರುವಾದ ದಿನ ಹುಡುಗಿ ಬರುತ್ತಾಳೋ ಇಲ್ಲವೋ ಎಂದು ನಾನು ಚಾಪೆ ಹಾಸಿ ಬಾಗಿಲಿಗೂ ಒಳಗೂ ತಿರುಗುತ್ತಿದ್ದೆ. ಬಂದಳು. ಹಿಂದೆ ಅವಳ ಅತ್ತೆಯೂ ಬಂದರು. ಯಾರೂ ಕರೆದಿರಲಿಲ್ಲ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಸೆರಗು ಹೊದ್ದು, ಏನು ನಡೆಯುತ್ತದೆ ನೋಡಿಯೇ ಬಿಡೋಣ ಎಂಬಂತೆ ಕೂತರು. ಸೊಸೆ ಪದ ಎತ್ತಿದಳು. ಬಹಳ ದಿನ ಹಾಡದ ಗಂಟಲು ಮೊದಲು ಸ್ವಲ್ಪ ಒಡೆದು ಆಮೇಲೆ ತಿಳಿಯಾಯಿತು. ಅತ್ತೆಯ ಬೆರಳು ಕುರ್ಚಿಯ ಕೈಯ ಮೇಲೆ ತಾಳ ಹಾಕುವುದನ್ನು ನಾನು ಓರೆಗಣ್ಣಿನಲ್ಲಿ ಕಂಡೆ.

ಅಂದು ಅಕ್ಕೋರು ನನಗೆ ದೂತನ ಪಾತ್ರ ಕೊಡಲಿಲ್ಲ. ರಾಜನ ಎದುರು ನಿಂತು ನ್ಯಾಯ ಕೇಳುವ ಹೆಂಗಸಿನ ಅರ್ಥ ಹೇಳು ಎಂದರು. ಮೊದಲ ಮಾತು ಹೇಳಿ ನಿಂತೆ. ಮರೆತಿರಲಿಲ್ಲ. ಹೇಳಲು ಬಹಳ ಇತ್ತು, ಎಲ್ಲಿಂದ ಶುರು ಮಾಡುವುದೆಂದು ನೋಡುತ್ತಿದ್ದೆ.

"ಸ್ವಲ್ಪ ದೊಡ್ಡಕೆ ಹೇಳೇ" ಎಂದರು ಬಾಗಿಲ ಪಕ್ಕದಿಂದ ಅತ್ತೆ. "ಯಂಗೆ ಈ ಕಿವಿ ಅಷ್ಟು ಕೇಳ್ತಿಲ್ಲೆ."

ನಾನು ಸ್ವರ ಎತ್ತಿದೆ.